ಸಂಸಾರಸ್ಥರಿಗೆ 300 ಕಿಲೋಮೀಟರ್: ಸಹಾಯಾರ್ಥ ಸೈಕಲ್ ಸವಾರಿಗೆ ಸಿದ್ಧರಾಗುವ ಬಗೆ

ಒಂದು ದಿನ ಬೆಂಗಳೂರಿನಿಂದ ಮೈಸೂರಿಗೆ, ಮರುದಿನ ಅದೇ ಸೈಕಲ್ಲಿನಲ್ಲಿ ವಾಪಸ್ಸು. ಒಟ್ಟು ದೂರ ಸುಮಾರು 300 ಕಿಲೋಮೀಟರ್. ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೋ ಬಡ ಮಕ್ಕಳ ಶಸ್ತ್ರಚಿಕಿತ್ಸೆಗೋ ಹಣ ಕೂಡಿಸುವ ಸಲುವಾಗಿ ಕಚೇರಿಯ ಗೆಳೆಯರು, ಬಡಾವಣೆಯ ಸೈಕಲ್ ಗುಂಪುಗಳು ಹಮ್ಮಿಕೊಳ್ಳುವ ಸಹಾಯಾರ್ಥ ಸವಾರಿಗೆ ಈ ದಾರಿ ಮತ್ತು ಈ ದೂರ ಹೇಳಿಮಾಡಿಸಿದಂತಿವೆ. ದೊಡ್ಡ ಕಾಯಿಲೆಗಳಿಲ್ಲದ, ಆಗಾಗ ಸೈಕಲ್ ತುಳಿಯುವ ರೂಢಿಯಿರುವ ಯಾರಿಗಾದರೂ ಇಷ್ಟಕ್ಕೆ ಬೇಕಾದ ಕಾಲಿನ ಕಸುವು ನಾಲ್ಕು ತಿಂಗಳಲ್ಲಿ ಕೂಡಿಬರುತ್ತದೆ. ಸುಲಭವಾಗಿ ಕೂಡಿಬರದಿರುವುದು ವೇಳೆ. ಮಕ್ಕಳ ಶಾಲೆ, ಗಂಡಹೆಂಡಿರಿಬ್ಬರ ಉದ್ಯೋಗ, ವಯಸ್ಸಾದ ತಂದೆತಾಯಿಯರ ಆಸ್ಪತ್ರೆ ಓಡಾಟ ಇವುಗಳ ನಡುವೆ ಅರ್ಧಕ್ಕೆ ನಿಂತ ತರಬೇತಿಗಳಲ್ಲಿ ಹೆಚ್ಚಿನವು ಮೊಣಕಾಲು ನೋವಿನಿಂದ ನಿಂತವಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಡೆದ ಮಾತಿನಿಂದ ನಿಂತವು. ಆದ್ದರಿಂದ ಈ ಬರಹದಲ್ಲಿ ಕಿಲೋಮೀಟರುಗಳ ಲೆಕ್ಕಕ್ಕಿಂತ ಮೊದಲು ಮನೆಯ ಲೆಕ್ಕ ಬರುತ್ತದೆ.

ಆರಂಭಕ್ಕೆ ಮುನ್ನ ಒಂದು ಮಾತು. ವಯಸ್ಸು ನಲವತ್ತು ದಾಟಿದ್ದರೆ, ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದರೆ, ಅಥವಾ ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಕಾಣಿಸಿಕೊಂಡಿದ್ದರೆ, ವೈದ್ಯರನ್ನು ಕಂಡು ನಿಮ್ಮ ಉದ್ದೇಶವನ್ನು ತಿಳಿಸಿ, ಅವರು ಹೇಳಿದ ಪರೀಕ್ಷೆಗಳನ್ನು ಮಾಡಿಸಿಕೊಂಡೇ ಮುಂದುವರಿಯಬೇಕು.

ಕ್ಯಾಲೆಂಡರನ್ನು ಹಿಂದಿನಿಂದ ಓದುವುದು

ಸವಾರಿ ಡಿಸೆಂಬರ್ ಮೂರನೇ ವಾರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಮಳೆ ಮುಗಿದಿರುತ್ತದೆ, ಬಿಸಿಲು ಹದವಾಗಿರುತ್ತದೆ. ಧನುರ್ಮಾಸ ಹಿಡಿಯುವುದರಿಂದ ಮದುವೆಯ ಕರೆಯೋಲೆಗಳೂ ನಿಂತಿರುತ್ತವೆ, ಇದು ಸಣ್ಣ ಅನುಕೂಲವೇನಲ್ಲ. ಅಲ್ಲಿಂದ 16 ವಾರ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಕೊನೆಗೆ ಬಂದು ನಿಲ್ಲುತ್ತೇವೆ. ಈ ಅವಧಿಯಲ್ಲಿ ಏನೇನು ಬರುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದರೆ ಎದೆ ಧಸಕ್ಕೆನ್ನುವುದು ಸಹಜ: ಗೌರಿ ಗಣೇಶ, ಪಿತೃಪಕ್ಷ, ನವರಾತ್ರಿ, ಮಕ್ಕಳ ದಸರಾ ರಜೆ, ದೀಪಾವಳಿ, ತುಳಸಿ ಹಬ್ಬ, ಅದು ಕಳೆದ ಕೂಡಲೇ ಸಾಲುಗಟ್ಟುವ ಮದುವೆಗಳು. ಸಿದ್ಧ ತರಬೇತಿ ಪಟ್ಟಿಗಳಲ್ಲಿ ಇವು ಯಾವುವೂ ಇರುವುದಿಲ್ಲ. ಅಂಥ ಪಟ್ಟಿಯೊಂದನ್ನು ಇಳಿಸಿಕೊಂಡು ಹಾಗೆಯೇ ಪಾಲಿಸಲು ಹೊರಟವರು ಮೊದಲ ಹಬ್ಬಕ್ಕೇ ಮುಗ್ಗರಿಸುತ್ತಾರೆ.

ಆದರೆ ಇದರಲ್ಲಿ ಒಂದು ಅನುಕೂಲವೂ ಅಡಗಿದೆ. ದೂರದ ಸವಾರಿಯ ತರಬೇತಿಯಲ್ಲಿ ಎರಡು ಮೂರು ವಾರ ಹೊರೆ ಏರಿಸಿದ ಮೇಲೆ ಒಂದು ವಾರ ಇಳಿಸಲೇಬೇಕು. ಸ್ನಾಯುಗಳು ಬಲಗೊಳ್ಳುವುದು ತುಳಿಯುವಾಗ ಅಲ್ಲ, ತುಳಿದ ನಂತರದ ವಿಶ್ರಾಂತಿಯಲ್ಲಿ. ಹಗುರ ವಾರವನ್ನು ಕಟ್ಟುನಿಟ್ಟಾಗಿ ನಾಲ್ಕನೆಯದಕ್ಕೇ ಇಡುವ ಬದಲು ಹಬ್ಬ ಬಂದ ವಾರಕ್ಕೆ ಸರಿಸಿಕೊಂಡರೆ, ದೇಹಕ್ಕೆ ಬೇಕಾದ ಬಿಡುವೂ ಮನೆಗೆ ಬೇಕಾದ ಕೈಯೂ ಒಟ್ಟಿಗೆ ದೊರಕುತ್ತವೆ. ಗಣೇಶನನ್ನು ಕೂರಿಸುವ ವಾರ, ಆಯುಧಪೂಜೆ ಮತ್ತು ವಿಜಯದಶಮಿಯ ವಾರ, ದೀಪಾವಳಿಯ ವಾರ ಈ ಮೂರನ್ನೂ ಮೊದಲೇ ಹಗುರ ವಾರಗಳೆಂದು ಗುರುತು ಹಾಕಿಬಿಡಬೇಕು. ದಸರಾ ರಜೆಯಲ್ಲಿ ಊರಿಗೆ ಹೋಗುವುದಿದ್ದರೆ ಸೈಕಲ್ಲನ್ನು ಹೊತ್ತೊಯ್ಯುವ ಹಟ ಬೇಡ. ಐದಾರು ದಿನ ತುಳಿಯದಿದ್ದ ಮಾತ್ರಕ್ಕೆ ಗಳಿಸಿದ್ದು ಕರಗಿಹೋಗುವುದಿಲ್ಲ.

ಹೀಗೆ ಗುರುತು ಹಾಕಿದ ಕ್ಯಾಲೆಂಡರನ್ನು ಮನೆಯವರ ಮುಂದಿಟ್ಟು ಮಾತನಾಡುವುದು ಮುಂದಿನ ಹೆಜ್ಜೆ. "ಸೈಕಲ್ ಸವಾರಿಗೆ ಹೆಸರು ಕೊಡಲೇ?" ಎಂದು ಕೇಳಿದರೆ ಉತ್ತರ "ಕೊಡಿ, ಅದಕ್ಕೇನು" ಎಂದೇ ಬರುತ್ತದೆ, ಏಕೆಂದರೆ ಕೇಳಿದವರ ಕಣ್ಣಿಗೆ ಕಾಣುವುದು ಡಿಸೆಂಬರಿನ ಎರಡು ದಿನ ಮಾತ್ರ. ಕೇಳಬೇಕಾದದ್ದು ಬೇರೆ: "ಹದಿನಾರು ವಾರಗಳ ಕಾಲ ವಾರದಲ್ಲಿ ಎರಡು ಮುಂಜಾನೆ ಒಂದೊಂದು ಗಂಟೆ, ವಾರಾಂತ್ಯದಲ್ಲಿ ಒಂದು ಬೆಳಗಿನ ಮೂರರಿಂದ ಆರು ಗಂಟೆ ನಾನು ಮನೆಯಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಯಾವಾಗ ಮಾಡಿಕೊಡಲಿ?" ಮಕ್ಕಳ ಡಬ್ಬಿ ಕಟ್ಟುವುದು, ಶಾಲೆಯ ವ್ಯಾನಿಗೆ ಬಿಡುವುದು, ಹಾಲು ತರುವುದು, ಅತ್ತೆಮಾವಂದಿರಿಗೆ ಬೆಳಗಿನ ಮಾತ್ರೆ ಕೊಡುವುದು ಹೀಗೆ ಒಂದೊಂದನ್ನೂ ಹೆಸರಿಸಿ ಹಂಚಿಕೊಳ್ಳಬೇಕು. "ಮನೆಯವರ ಸಹಕಾರದಿಂದ ಸಾಧ್ಯವಾಯಿತು" ಎಂಬ ಧನ್ಯವಾದದ ಮಾತಿನ ಹಿಂದೆ ಬಹುಪಾಲು ಸಲ ಇರುವುದು ಹೆಂಡತಿಯ ಹೆಚ್ಚುವರಿ ದುಡಿಮೆ. ಅದನ್ನು ಮೊದಲೇ ಲೆಕ್ಕಕ್ಕೆ ತಂದುಕೊಳ್ಳುವುದು ನ್ಯಾಯ. ಸವಾರಿಗೆ ಹೊರಟವರು ಹೆಂಡತಿಯೇ ಆಗಿದ್ದರೆ ಈ ಲೆಕ್ಕವನ್ನು ಗಂಡ ಇನ್ನೂ ಎಚ್ಚರದಿಂದ ಮಾಡಬೇಕಾಗುತ್ತದೆ, ಏಕೆಂದರೆ ಆಕೆ ಮುಂಜಾನೆ ಮಾಡುವ ಕೆಲಸಗಳ ಪಟ್ಟಿ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಅದರಲ್ಲಿ ಅರ್ಧ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ನನಗೆ ಸರಿಕಂಡ ಏರ್ಪಾಡು ಇದು: ಶನಿವಾರದ ಬೆಳಗು ಸವಾರಿಗೆ ಹೋದರೆ ಭಾನುವಾರದ ಬೆಳಗು ಪೂರ್ತಿಯಾಗಿ ಇನ್ನೊಬ್ಬರದು. ಅವರು ನಿದ್ದೆ ಮಾಡಲಿ, ಗೆಳತಿಯರೊಡನೆ ತಿಂಡಿಗೆ ಹೋಗಲಿ, ಏನೂ ಮಾಡದೆ ಕುಳಿತಿರಲಿ. ಅಷ್ಟೇ ಗಂಟೆಗಳ ಬಿಡುವು ಅವರಿಗೂ ಸಲ್ಲಬೇಕು. ಶನಿವಾರವನ್ನೇ ಆರಿಸಿಕೊಳ್ಳುವುದರಲ್ಲಿ ಮತ್ತೊಂದು ಲಾಭವಿದೆ. ಜೋರು ಮಳೆಯೋ ಮಗುವಿನ ಜ್ವರವೋ ಅಡ್ಡಬಂದರೆ, ಒಪ್ಪಿಗೆ ಪಡೆದು ಭಾನುವಾರಕ್ಕೆ ಸರಿಸಲು ಅವಕಾಶ ಉಳಿದಿರುತ್ತದೆ.

ವಾರದ ದಿನಗಳು

ವಾರಕ್ಕೆ ಮೂರು ಸವಾರಿಗಳಿದ್ದರೆ ಸಾಕು. ನಾಲ್ಕನೆಯದು ಸಿಕ್ಕರೆ ಒಳ್ಳೆಯದು, ಆದರೆ ಅದನ್ನು ನೆಚ್ಚಿ ಯೋಜನೆ ಹಾಕಬಾರದು. ವಾರದ ನಡುವಿನ ಎರಡು ಸವಾರಿಗಳಲ್ಲಿ ಒಂದು ನಿಧಾನದ್ದಾಗಿರಲಿ: ಪಕ್ಕದಲ್ಲಿ ಬರುವವರೊಡನೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲಾಗುವಷ್ಟು ವೇಗ. ಇನ್ನೊಂದರಲ್ಲಿ ಹತ್ತು ನಿಮಿಷ ಮೈ ಬೆಚ್ಚಗಾದ ಮೇಲೆ ಹತ್ತು ಹತ್ತು ನಿಮಿಷಗಳ ಎರಡು ಬಿರುಸಿನ ಅವಧಿಗಳನ್ನು ಇಟ್ಟುಕೊಳ್ಳಬೇಕು. ಆಗ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಆಡಲಾಗಬಾರದು. ಭಾರದ ಗಿಯರ್ ಹಾಕಿ ಮೊಣಕಾಲಿಗೆ ಕಷ್ಟ ಕೊಡುವ ಬದಲು ಹಗುರ ಗಿಯರಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವ ಅಭ್ಯಾಸವನ್ನು ಈ ದಿನಗಳಲ್ಲೇ ಮಾಡಿಕೊಳ್ಳಬೇಕು.

ಮುಂಜಾನೆ ನಾಲ್ಕೂವರೆಗೆ ಏಳುವುದು ಎಂದರೆ ರಾತ್ರಿ ಒಂಬತ್ತೂವರೆಗೆ ಮಲಗುವುದು ಎಂದರ್ಥ. ಮಕ್ಕಳನ್ನು ಮಲಗಿಸಿದ ಮೇಲೆ ಸಿಗುವ ಒಂದು ಗಂಟೆಯೇ ಗಂಡಹೆಂಡಿರು ಮಾತನಾಡುವ ಹೊತ್ತಾಗಿರುವ ಮನೆಗಳಲ್ಲಿ ಈ ಬದಲಾವಣೆ ಸವಾರಿಗಿಂತ ಹೆಚ್ಚು ಬೆಲೆ ಕೇಳುತ್ತದೆ. ಹೀಗಾಗಿ ಮುಂಜಾನೆಯ ಏಳುವಿಕೆಯನ್ನು ವಾರಕ್ಕೆ ಎರಡಕ್ಕೆ ಮಿತಿಗೊಳಿಸಿ, ಉಳಿದದ್ದನ್ನು ಕಚೇರಿಯ ದಾರಿಯಲ್ಲಿ ಹುಡುಕುವುದು ಲೇಸು. ಮನೆಯಿಂದ ಕಚೇರಿ 15 ಕಿಲೋಮೀಟರ್ ಇದ್ದು ವಾರಕ್ಕೆ ಎರಡು ದಿನ ಸೈಕಲ್ಲಿನಲ್ಲೇ ಹೋಗಿಬಂದರೆ 60 ಕಿಲೋಮೀಟರ್ ಆಯಿತು, ಅದೂ ಮನೆಯ ಒಂದು ಗಂಟೆಯನ್ನೂ ಕಸಿಯದೆ. ಬೆಂಗಳೂರಿನ ದಟ್ಟಣೆಯಲ್ಲಿ ಕಾರಿಗಿಂತ ಸೈಕಲ್ ಬೇಗ ತಲಪುವ ದಾರಿಗಳು ಎಷ್ಟೋ ಇವೆ. ಇಸ್ತ್ರಿ ಮಾಡಿದ ಬಟ್ಟೆಗಳನ್ನು ಸೋಮವಾರವೇ ಕಚೇರಿಯಲ್ಲಿರಿಸಿ, ಅಲ್ಲಿ ಸ್ನಾನದ ಅನುಕೂಲವಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ದಾರಿಯಲ್ಲಿ ಸಿಗುವ ಮೇಲ್ಸೇತುವೆಗಳ ಏರುಗಳೂ ವ್ಯಾಯಾಮವೇ.

ಮನೆಯೊಳಗೆ ಹಿಂಗಾಲಿಯನ್ನು ಯಂತ್ರಕ್ಕೆ ಕಟ್ಟಿ ತುಳಿಯುವ ಟ್ರೈನರ್ ಮಳೆಗಾಲಕ್ಕೂ ಪುಟ್ಟ ಮಕ್ಕಳ ತಂದೆತಾಯಿಯರಿಗೂ ಅನುಕೂಲ. ಅದರ ಮೇಲಿನ 45 ನಿಮಿಷ ರಸ್ತೆಯ ಒಂದು ಗಂಟೆಗೆ ಹತ್ತಿರವಾಗುತ್ತದೆ, ಏಕೆಂದರೆ ಅಲ್ಲಿ ಸಿಗ್ನಲ್ಲೂ ಇಲ್ಲ ಇಳಿಜಾರೂ ಇಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ಅಡಿಗೆ ದಪ್ಪ ರಬ್ಬರ್ ಹಾಸು ಹಾಕದಿದ್ದರೆ ಕೆಳಮನೆಯವರ ದೂರನ್ನು ಎದುರಿಸಬೇಕಾದೀತು.

ಮಕ್ಕಳೊಂದಿಗೆ ಸಂಜೆ ಬಡಾವಣೆಯಲ್ಲಿ ಸೈಕಲ್ ಸುತ್ತುವುದನ್ನು ತರಬೇತಿಯ ಲೆಕ್ಕಕ್ಕೆ ಸೇರಿಸಬೇಡಿ. ಗಡಿಯಾರ ನೋಡುತ್ತಾ ತುಳಿಯುವ ಅಪ್ಪನನ್ನೋ ಅಮ್ಮನನ್ನೋ ಮಕ್ಕಳು ಎರಡೇ ದಿನಕ್ಕೆ ಗುರುತಿಸುತ್ತಾರೆ.

ತಪ್ಪಿಹೋದ ಸವಾರಿಯ ವಿಷಯದಲ್ಲಿ ನಿಯಮ ಒಂದೇ: ತಪ್ಪಿದ್ದು ತಪ್ಪಿತು, ಅದನ್ನು ಮುಂದಿನ ದಿನಕ್ಕೆ ಕೂಡಿಸಬಾರದು. ಮಂಗಳವಾರದ್ದು ತಪ್ಪಿತೆಂದು ಬುಧವಾರ, ಗುರುವಾರ, ಶುಕ್ರವಾರ ಒಂದೇ ಸಮನೆ ತುಳಿದವರು ಶನಿವಾರ ದಣಿದ ಕಾಲಿನಿಂದ ದೂರದ ಸವಾರಿಗೆ ಹೊರಡುತ್ತಾರೆ, ಭಾನುವಾರ ಯಾರ ಮೇಲೋ ರೇಗುತ್ತಾರೆ. ಒಂದು ವಾರ ಪೂರ್ತಿ ತಪ್ಪಿದ್ದರೆ ಪಟ್ಟಿಯಲ್ಲಿ ಅದೇ ವಾರವನ್ನು ಮತ್ತೆ ಮಾಡಬಹುದು. ಎರಡು ವಾರ ತಪ್ಪಿದ್ದರೆ ಎರಡು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಏರಬೇಕು. ಜ್ವರ ಬಂದು ಹೋಗಿದ್ದರಂತೂ ಮೈ ಪೂರ್ತಿ ಸುಧಾರಿಸುವ ತನಕ ಸೈಕಲ್ ಮುಟ್ಟುವಂತಿಲ್ಲ.

ವಾರಾಂತ್ಯದ ದೂರದ ಸವಾರಿ

ಮೊದಲ ವಾರದಲ್ಲಿ 40 ಕಿಲೋಮೀಟರಿನಿಂದ ಆರಂಭಿಸಿ ವಾರಕ್ಕೆ ಸುಮಾರು ಹತ್ತರಂತೆ ಏರಿಸುತ್ತಾ, ಹಗುರ ವಾರಗಳಲ್ಲಿ ಮೂರನೇ ಒಂದರಷ್ಟು ಇಳಿಸುತ್ತಾ ಹೋದರೆ, ನವೆಂಬರಿನ ನಡುವೆ 110, 120 ಕಿಲೋಮೀಟರ್ ಕೈಗೆಟುಕುತ್ತದೆ. ಒಂದೇ ದಿನ 150 ತುಳಿದು ನೋಡುವ ಅಗತ್ಯವಿಲ್ಲ. ನಮ್ಮ ಸವಾರಿ ಎರಡು ದಿನಗಳದ್ದಾದ್ದರಿಂದ ಅದಕ್ಕಿಂತ ಮುಖ್ಯವಾದದ್ದು ನಿನ್ನೆ ದಣಿದ ಕಾಲುಗಳನ್ನು ಇವತ್ತು ಮತ್ತೆ ತುಳಿಸುವ ಅಭ್ಯಾಸ. ಸವಾರಿಗೆ ನಾಲ್ಕು ವಾರವಿರುವಾಗ ಒಮ್ಮೆ, ಮೂರು ವಾರವಿರುವಾಗ ಒಮ್ಮೆ ಶನಿವಾರ 100ರಿಂದ 120, ಭಾನುವಾರ 60ರಿಂದ 80 ಕಿಲೋಮೀಟರ್ ತುಳಿಯಬೇಕು. ಭಾನುವಾರ ಮನೆಯವರದೆಂದು ಕೊಟ್ಟ ಮಾತನ್ನು ಮುರಿಯುವ ವಾರಾಂತ್ಯಗಳು ಈ ಎರಡು ಮಾತ್ರ. ಅವನ್ನು ಆಗಸ್ಟಿನಲ್ಲೇ ಕ್ಯಾಲೆಂಡರಿನಲ್ಲಿ ತೋರಿಸಿ ಒಪ್ಪಿಗೆ ಪಡೆದಿರಬೇಕು. ಕೊನೆಯ ಎರಡು ವಾರಗಳಲ್ಲಿ ದೂರವನ್ನು ಅರ್ಧಕ್ಕಿಳಿಸಿ, ಕಾಲುಗಳಿಗೆ ಚುರುಕು ಉಳಿಯುವಷ್ಟು ಮಾತ್ರ ತುಳಿದರೆ ಸಾಕು.

ದಾರಿಯ ವಿಷಯಕ್ಕೆ ಬಂದರೆ, ನಗರದ ಪಶ್ಚಿಮಕ್ಕಿರುವವರಿಗೆ ರಾಮೋಹಳ್ಳಿಯ ದೊಡ್ಡ ಆಲದಮರದಿಂದ ಮಂಚನಬೆಲೆಯ ಕಡೆಗೆ ಹೋಗುವ ಏರಿಳಿತದ ರಸ್ತೆ, ಉತ್ತರದವರಿಗೆ ಹೆಸರಘಟ್ಟ ಅಥವಾ ದೇವನಹಳ್ಳಿ ಸೀಮೆ, ದಕ್ಷಿಣದವರಿಗೆ ಕನಕಪುರ ರಸ್ತೆ ಅನುಕೂಲ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಅದರ ಕೊನೆಯ ತಿರುವುಗಳನ್ನು ಹತ್ತಿದವರಿಗೆ ಮೈಸೂರಿನ ದಾರಿಯಲ್ಲಿ ಏರು ಎಂದು ಹೆದರಿಸುವಂಥದ್ದು ಏನೂ ಸಿಗುವುದಿಲ್ಲ. ಆದರೂ ನಂದಿ ಕಡ್ಡಾಯವಲ್ಲ. ಮನೆಯಿಂದ ಅಲ್ಲಿಗೇ 60 ಕಿಲೋಮೀಟರ್ ಆಗುವವರು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಹೋಗಿಬರುವುದರಲ್ಲಿ ಮನೆಯ ಮತ್ತೆರಡು ಗಂಟೆಗಳನ್ನು ಕಳೆಯುತ್ತಾರೆ, ಆ ಗಂಟೆಗಳನ್ನು ಹತ್ತಿರದ ರಸ್ತೆಯಲ್ಲೇ ತುಳಿಯುವುದು ಜಾಣತನ. ಕತ್ತಲಲ್ಲಿ ಹೊರಡುವಾಗ ಒಬ್ಬಂಟಿಯಾಗಿ ಹೋಗದೆ ಗುಂಪಿನೊಡನೆ ಹೋಗುವುದು, ಮೊಬೈಲಿನಿಂದ ತಾವಿರುವ ಜಾಗ ಮನೆಯವರಿಗೆ ಕಾಣುವಂತೆ ಮಾಡಿರುವುದು ಎಲ್ಲರಿಗೂ ಒಳ್ಳೆಯದು, ಹೆಂಗಸರಿಗೆ ವಿಶೇಷವಾಗಿ.

ಹಿಂದಿನ ರಾತ್ರಿಯ ಸಿದ್ಧತೆ ಮನೆಯ ನೆಮ್ಮದಿಯನ್ನು ಕಾಯುತ್ತದೆ. ಬಟ್ಟೆ, ಹೆಲ್ಮೆಟ್, ಕಾಲುಚೀಲಗಳನ್ನು ಹಜಾರದಲ್ಲೇ ಇಟ್ಟುಕೊಂಡು, ಟೈರಿಗೆ ಗಾಳಿ ತುಂಬಿ, ನೀರಿನ ಬಾಟಲಿಗಳನ್ನು ಭರ್ತಿ ಮಾಡಿ, ಅಲಾರಮನ್ನು ಸದ್ದಿನ ಬದಲು ಕೈಗಡಿಯಾರದ ಕಂಪನಕ್ಕೆ ಹೊಂದಿಸಿ ಮಲಗಬೇಕು. ಅಡಿಗೆ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಗಟ್ಟಿ ತುಂಡು) ಇರುವ ಸೈಕಲ್ ಬೂಟನ್ನು ಮನೆಯೊಳಗೆ ಹಾಕಿಕೊಂಡು ಟೈಲ್ಸ್ ಮೇಲೆ ಟಕಟಕ ನಡೆದರೆ ಒಂದು ಮಗು ಏಳುವುದು ಖಚಿತ, ಒಂದು ಎದ್ದರೆ ಇನ್ನೊಂದು ಏಳುತ್ತದೆ. ಬೂಟು ಲಿಫ್ಟಿನ ಬಳಿಯೇ.

ತಿನ್ನುವುದು, ಕುಡಿಯುವುದು

ದೂರದ ಸವಾರಿಯ ನಿಜವಾದ ಬೆಲೆ ಅದು ನುಂಗುವ ಐದು ಗಂಟೆಯಲ್ಲ, ಬಂದ ಮೇಲೆ ಸೋಫಾದ ಮೇಲೆ ಮಂಪರಿನಲ್ಲಿ ಕಳೆಯುವ ಇಡೀ ಮಧ್ಯಾಹ್ನ. ಹತ್ತೂವರೆಗೆ ಮನೆಗೆ ಬಂದವರು ಸಂಜೆ ನಾಲ್ಕರವರೆಗೆ ಯಾರ ಕೆಲಸಕ್ಕೂ ಬಾರದಿದ್ದರೆ ಆ ಕುಟುಂಬದ ಶನಿವಾರ ಪೂರ್ತಿ ಹೋದಂತೆಯೇ. ಈ ಮಂಪರಿಗೆ ಮುಖ್ಯ ಕಾರಣ ದಾರಿಯಲ್ಲಿ ಸಾಕಷ್ಟು ತಿನ್ನದಿರುವುದು. ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಎರಡು ಮೂರು ಗಂಟೆಗಳ ದುಡಿಮೆಗೆ ಬರಿದಾಗುತ್ತಾ ಬರುತ್ತದೆ; ಹಸಿವು ಕಾಣಿಸಿಕೊಂಡ ಮೇಲೆ ತಿಂದದ್ದು ಆ ದಿನದ ಮಟ್ಟಿಗೆ ತಡವಾಗಿಯೇ ಒದಗುತ್ತದೆ. ಸವಾರಿಯ ನಡುವೆ ಸರಿಯಾಗಿ ತಿನ್ನುವುದು ವೇಗಕ್ಕಿಂತ ಹೆಚ್ಚಾಗಿ ಮಧ್ಯಾಹ್ನ ಮಕ್ಕಳೊಡನೆ ಎಚ್ಚರವಾಗಿರುವುದಕ್ಕೆ ಬೇಕು.

ಮೊದಲ ಮುಕ್ಕಾಲು ಗಂಟೆಯ ನಂತರ ಪ್ರತಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಹೊಟ್ಟೆಗೆ ಹೋಗಬೇಕು. ದೊಡ್ಡ ಪಚ್ಚಬಾಳೆಹಣ್ಣೊಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏಲಕ್ಕಿ ಬಾಳೆಯಾದರೆ ಎರಡು ಬೇಕಾದೀತು. ಖರ್ಜೂರ, ಬೆಲ್ಲ ಸವರಿ ಸುರುಳಿ ಸುತ್ತಿದ ಚಪಾತಿ, ರವೆ ಉಂಡೆ, ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆ ಇವೆಲ್ಲ ಜೆರ್ಸಿಯ ಬೆನ್ನಿನ ಜೇಬಿನಲ್ಲಿ ಕೂರುತ್ತವೆ, ಆಮದು ಎನರ್ಜಿ ಜೆಲ್‌ಗಳಿಗಿಂತ ಅಗ್ಗ, ನಮ್ಮ ಹೊಟ್ಟೆಗೆ ಪರಿಚಿತ. ಶೇಂಗಾ ಚಿಕ್ಕಿ ರುಚಿ, ಆದರೆ ಶೇಂಗಾದ ಕೊಬ್ಬಿನಿಂದಾಗಿ ಜೀರ್ಣವಾಗುವುದು ನಿಧಾನ. ಯಾವುದನ್ನೇ ಆಗಲಿ ಡಿಸೆಂಬರಿನ ದಿನ ಮೊದಲ ಬಾರಿಗೆ ತಿನ್ನಬಾರದು. ತರಬೇತಿಯ ಶನಿವಾರಗಳಲ್ಲೇ ಹೊಟ್ಟೆಗೆ ಒಗ್ಗಿಸಿಕೊಂಡಿರಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಬಹುದು, ಆವಿಯಲ್ಲಿ ಬೆಂದ ತಿಂಡಿ ಸವಾರಿಗೆ ತೊಂದರೆ ಕೊಡುವುದಿಲ್ಲ. ಮದ್ದೂರು ವಡೆಯ ವಿಷಯ ಬೇರೆ: ಎಣ್ಣೆಯಲ್ಲಿ ಕರಿದ ಅದನ್ನು ತಿಂದು ಮಂಡ್ಯದವರೆಗಿನ 20 ಕಿಲೋಮೀಟರ್ ಬಿಸಿಲಲ್ಲಿ ತುಳಿದವರು ಆ ವಡೆಯನ್ನು ಬಹಳ ಹೊತ್ತು ನೆನೆಯುತ್ತಾರೆ. ವಾಪಸ್ಸು ಬರುವಾಗ ಮನೆಯವರಿಗೆಂದು ಕಟ್ಟಿಸಿಕೊಂಡು ಬರುವುದು ಅದಕ್ಕೆ ಸಲ್ಲುವ ಮರ್ಯಾದೆ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರಿಯ ನೀರನ್ನೇ ಅತಿಯಾಗಿ ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ಕುಸಿಯುವ ಅಪಾಯವಿರುವುದರಿಂದ ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇರಲಿ. ಔಷಧಿ ಅಂಗಡಿಯ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಳೆದದ್ದು. ಅದನ್ನು ಅರ್ಧ ಲೀಟರಿಗೆ ಸುರಿದು ಗಾಢ ಮಾಡಿಕೊಳ್ಳದೆ, ಮನೆಯಲ್ಲೇ ಪಾತ್ರೆಯಲ್ಲಿ ಸರಿಯಾಗಿ ಕಲಸಿ ಬಾಟಲಿಗೆ ತುಂಬಿಕೊಳ್ಳಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ ದಾರಿಯುದ್ದಕ್ಕೂ ಸಿಗುತ್ತದೆ. ಮನೆ ಸೇರಿದ ಅರ್ಧ ಗಂಟೆಯೊಳಗೆ ಊಟ ಮಾಡಿ, ಇಪ್ಪತ್ತು ನಿಮಿಷ ಮಲಗಿ ಎದ್ದರೆ ಉಳಿದ ದಿನ ಮನೆಗೆ ಸಿಗುತ್ತದೆ.

ಸೈಕಲ್

ದುಬಾರಿ ಸೈಕಲ್ ಬೇಕಿಲ್ಲ, ಮೈಗೆ ಹೊಂದಿದ ಸೈಕಲ್ ಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಕೆಳಗಿನ ತುದಿಯಲ್ಲಿರುವಾಗ ಕಾಲು ನೇರವಾಗಿ ಚಾಚಿಕೊಳ್ಳಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಮೊಣಕಾಲಿನ ಮುಂಭಾಗದಲ್ಲಿ ನೋವು ಬಂದರೆ ಸೀಟು ತಗ್ಗಾಗಿದೆ ಎಂದೂ ಹಿಂಭಾಗದಲ್ಲಿ ಬಂದರೆ ಎತ್ತರವಾಗಿದೆ ಎಂದೂ ಸಾಮಾನ್ಯವಾಗಿ ತಿಳಿಯಬಹುದು. ಒಮ್ಮೆಗೆ ಕೆಲವೇ ಮಿಲಿಮೀಟರ್ ಬದಲಿಸಿ ಎರಡು ಸವಾರಿ ನೋಡಬೇಕು. ನಮ್ಮ ರಸ್ತೆಗಳಿಗೆ 28ರಿಂದ 32 ಮಿಲಿಮೀಟರ್ ಅಗಲದ ಟೈರುಗಳು ಸೂಕ್ತ. ಪ್ಯಾಡ್ ಇರುವ ಚಡ್ಡಿ ಎರಡು ಜೊತೆ ಇರಲಿ, ಹೆಲ್ಮೆಟ್ ಇಲ್ಲದೆ ಗೇಟು ದಾಟಬಾರದು, ಮುಂದೆ ಬಿಳಿ ಹಿಂದೆ ಕೆಂಪು ದೀಪ ಇರಲೇಬೇಕು.

ಪಂಕ್ಚರ್ ಹಾಕಲು ಕಲಿಯುವುದನ್ನು ಮಾತ್ರ ಮುಂದೂಡಬಾರದು. ರೇಸಿಂಗ್ ಮಾದರಿಯ ಸೈಕಲ್‌ಗಳಲ್ಲಿರುವ ಸಣ್ಣ ಪ್ರೆಸ್ಟಾ ವಾಲ್ವಿಗೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಕೊಳವೆ ಕೂರುವುದಿಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ಅದನ್ನು ಉಪಕರಣದ ಚೀಲದಲ್ಲಿ ಇಟ್ಟುಕೊಂಡಿದ್ದರೆ ಯಾವ ಹಳ್ಳಿಯಲ್ಲೂ ಗಾಳಿ ಸಿಗುತ್ತದೆ. ಎರಡು ಟ್ಯೂಬ್, ಟೈರ್ ಬಿಚ್ಚುವ ಎರಡು ಪ್ಲಾಸ್ಟಿಕ್ ಲಿವರ್, ಕೈಪಂಪು, ಅಲೆನ್ ಕೀಗಳು ಜೊತೆಗಿರಲಿ. ಟ್ಯೂಬ್ ತೆಗೆದ ಮೇಲೆ ಹೊಸದನ್ನು ಹಾಕುವ ಮೊದಲು ಟೈರಿನ ಒಳಮೈಯುದ್ದಕ್ಕೂ ಬೆರಳನ್ನು ಮೆಲ್ಲಗೆ ಸವರಬೇಕು. ಜಾಲಿಮುಳ್ಳಿನ ತುದಿ ಹೊರಗಿನಿಂದ ಕಾಣುವುದೇ ಇಲ್ಲ. ಒಳಗೆ ಕೂದಲೆಳೆಯಷ್ಟು ಚಾಚಿಕೊಂಡು ಬೆರಳಿಗೆ ಮಾತ್ರ ಸಿಗುತ್ತದೆ. ಅದನ್ನು ಕೀಳದೆ ಹಾಕಿದ ಹೊಸ ಟ್ಯೂಬ್ ಒಂದು ಫರ್ಲಾಂಗು ದಾಟುವುದರೊಳಗೆ ಮತ್ತೆ ಬಿಡುತ್ತದೆ. ಈ ಕೆಲಸವನ್ನು ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಅಭ್ಯಾಸ ಮಾಡಬಹುದು, ಅವರ ಬೆರಳುಗಳು ಮುಳ್ಳನ್ನು ನಮಗಿಂತ ಬೇಗ ಪತ್ತೆ ಮಾಡುತ್ತವೆ.

ದೇಣಿಗೆ ಕೂಡಿಸುವುದು

ಹಣ ಕೇಳುವ ಮುಜುಗರದಿಂದ ಇದನ್ನು ಕೊನೆಯ ವಾರಕ್ಕೆ ತಳ್ಳುವವರೇ ಹೆಚ್ಚು. ಸವಾರಿಗೆ ಎಂಟು ವಾರ ಇರುವಾಗಲೇ ಆರಂಭಿಸುವುದು ಮೇಲು. ಅಷ್ಟರಲ್ಲಿ ತರಬೇತಿ ಅರ್ಧ ಮುಗಿದಿರುವುದರಿಂದ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಮೊದಲ ದೇಣಿಗೆ ನಿಮ್ಮದೇ ಆಗಿರಲಿ, ಸವಾರಿಯ ಖರ್ಚು ನಿಮ್ಮ ಜೇಬಿನದೇ ಆಗಿರಲಿ, ಮತ್ತು ಇವೆರಡನ್ನೂ ಸ್ಪಷ್ಟವಾಗಿ ಹೇಳಿರಿ. ಕುಟುಂಬದ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಸಾರ್ವಜನಿಕ ಮನವಿ ಹಾಕಿದರೆ ಮೇಲೆತ್ತಿದ ಹೆಬ್ಬೆರಳುಗಳು ಧಾರಾಳವಾಗಿ ಬರುತ್ತವೆ, ಹಣ ಬರುವುದಿಲ್ಲ. ಚಿಕ್ಕಪ್ಪನಿಗೆ ಚಿಕ್ಕಪ್ಪನಿಗೆಂದೇ, ಹಳೆಯ ಸಹೋದ್ಯೋಗಿಗೆ ಅವರಿಗೆಂದೇ ನಾಲ್ಕು ಸಾಲು ಬರೆಯಬೇಕು. ಕಿಲೋಮೀಟರಿಗೆ ಐದು ರೂಪಾಯಿಯಂತೆ ಕೊಡಿ ಎಂದು ಕೇಳಿದರೆ 300 ಕಿಲೋಮೀಟರಿಗೆ ₹1,500 ಆಗುತ್ತದೆ. ಮೊತ್ತವನ್ನು ನೇರವಾಗಿ ಕೇಳುವುದಕ್ಕಿಂತ ಇದು ಇಬ್ಬರಿಗೂ ಹಗುರ. ನೀವು ದುಡಿಯುವ ಕಂಪನಿ ಉದ್ಯೋಗಿಗಳ ದೇಣಿಗೆಗೆ ಸಮನಾದ ಮೊತ್ತ ಸೇರಿಸುತ್ತದೆಯೇ ಎಂದು ವಿಚಾರಿಸಲು ಮರೆಯಬಾರದು.

ಹಣ ನಿಮ್ಮ ಖಾತೆಗೆ ಬರುವುದು ಬೇಡ. ಸಂಸ್ಥೆಯ ಖಾತೆಗೆ ನೇರವಾಗಿ ಹೋಗುವಂತೆ ಮಾಡಿದರೆ ಲೆಕ್ಕದ ತಲೆನೋವೂ ಇಲ್ಲ, ಸಂಬಂಧಿಕರ ನಡುವೆ ಅನುಮಾನಕ್ಕೂ ಎಡೆಯಿಲ್ಲ. ಆದಾಯ ತೆರಿಗೆಯಲ್ಲಿ 80ಜಿ ಎಂದೇ ಎಲ್ಲರಿಗೂ ಪರಿಚಿತವಾಗಿರುವ ರಿಯಾಯಿತಿ ಸಂಸ್ಥೆಗೆ ನೋಂದಣಿ ಇದ್ದರೆ ಮಾತ್ರ ದಾನಿಗೆ ಸಿಗುತ್ತದೆ. ₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ತಿಳಿಸದಿದ್ದರೆ ಮಾರ್ಚಿನಲ್ಲಿ ಕರೆಗಳು ಬರುತ್ತವೆ. ವಿದೇಶದಲ್ಲಿರುವ ಬಂಧುಗಳ ಬಳಿ ಕೇಳುವಾಗ ಇನ್ನೊಂದು ಎಚ್ಚರ ಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣವನ್ನು ವಿದೇಶಿ ವಂತಿಗೆಯೆಂದು ಪರಿಗಣಿಸುವುದಿಲ್ಲ. ಆದರೆ ಅಮೆರಿಕದ ಪೌರರಾಗಿರುವ ಅಣ್ಣನೋ ಅತ್ತಿಗೆಯೋ ಕಳಿಸಿದರೆ, ಅವರ ಬಳಿ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ ಸಹ, ಅದು ವಿದೇಶಿ ವಂತಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿಯಿಲ್ಲದ ಸಂಸ್ಥೆ ಅದನ್ನು ಪಡೆಯುವಂತಿಲ್ಲ.

ಆ ಎರಡು ದಿನಗಳು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್‌ನಂತಹ ಯಂತ್ರರಹಿತ ವಾಹನಗಳಿಗೂ ಪ್ರವೇಶವಿಲ್ಲ. ಸವಾರರು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರುಗಳ ಒಳಗಿನಿಂದ ಸಾಗಬೇಕು. ಅಲ್ಲಿ ಎದುರು ದಿಕ್ಕಿನಿಂದ ಬರುವ ಬೈಕುಗಳು, ಬಣ್ಣ ಬಳಿಯದ ರಸ್ತೆ ಉಬ್ಬುಗಳು, ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಇರುತ್ತವೆ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ಮಾರ್ಗವಾಗಿ ಹೋಗುವುದು ಇನ್ನೊಂದು ಆಯ್ಕೆ. ಏರಿಳಿತ ತುಸು ಹೆಚ್ಚು, ನೋಟ ಚೆಲುವು, ನನ್ನ ಮನಸ್ಸು ಈ ದಾರಿಯ ಕಡೆಗೇ.

ಡಿಸೆಂಬರಿನಲ್ಲಿ ಸೂರ್ಯೋದಯ ಆರೂವರೆಯ ಸುಮಾರಿಗೆ, ಸೂರ್ಯಾಸ್ತ ಆರು ಗಂಟೆಯ ಒಳಗೆ. ಗಂಟೆಗೆ 20 ಕಿಲೋಮೀಟರ್ ವೇಗ, ದಾರಿಯಲ್ಲಿ ಎರಡು ಗಂಟೆಗಳ ತಂಗುವಿಕೆ ಸೇರಿಸಿದರೆ ಐದೂವರೆಗೆ ಹೊರಟವರು ಮೂರು ಗಂಟೆಯ ಹೊತ್ತಿಗೆ ಮೈಸೂರು ತಲಪುತ್ತಾರೆ. ಮೊದಲ ದಿನದ ಸುಲಭಕ್ಕೆ ಮರುಳಾಗಿ ಜೋರಾಗಿ ತುಳಿಯಬಾರದು, ಏಕೆಂದರೆ ಆ ಸುಲಭದ ಹಿಂದೆ ಎರಡು ಕಾರಣಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಂದರೆ ಹೋಗುವಾಗ ಒಟ್ಟಾರೆ ಇಳಿಮುಖ, ಬರುವಾಗ ಏರುಮುಖ. ಜೊತೆಗೆ ಆ ತಿಂಗಳಲ್ಲಿ ಗಾಳಿ ಹೆಚ್ಚಾಗಿ ಈಶಾನ್ಯ, ಪೂರ್ವ ದಿಕ್ಕುಗಳಿಂದ ಬೀಸುತ್ತದೆ. ಮೈಸೂರು ಬೆಂಗಳೂರಿನ ನೈಋತ್ಯಕ್ಕಿರುವುದರಿಂದ ಅದು ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಎರಡನೆಯ ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಹೆಚ್ಚು ಬೇಕೆಂದು ಮನೆಯವರಿಗೆ ಮೊದಲೇ ಹೇಳಿ, ಐದು ಗಂಟೆಗೇ ಹೊರಟು, ನಾಲ್ಕೈದು ಜನ ಸಾಲಾಗಿ, ಸರದಿಯಂತೆ ಮುಂದಾಳುತನ ಬದಲಿಸಿಕೊಂಡು ಗಾಳಿಯನ್ನು ಹಂಚಿಕೊಳ್ಳಬೇಕು. ಎದೆನೋವು, ತಲೆಸುತ್ತು, ಅಕಾರಣ ಚಳಿ ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಿ 112ಕ್ಕೆ ಕರೆ ಮಾಡಬೇಕು. ಪೂರ್ತಿಗೊಳಿಸದಿದ್ದರೂ ದಾನಿಗಳು ಯಾರೂ ಹಣ ವಾಪಸ್ಸು ಕೇಳುವುದಿಲ್ಲ.

ಮನೆಯವರನ್ನು ಮೊದಲ ದಿನ ರೈಲಿನಲ್ಲಿ ಮೈಸೂರಿಗೆ ಬರಮಾಡಿಕೊಂಡರೆ ಮಕ್ಕಳು ಮೃಗಾಲಯ ನೋಡುತ್ತಾರೆ, ರಾತ್ರಿ ಒಟ್ಟಿಗೆ ಊಟ ಮಾಡಬಹುದು. ಆದರೆ ಆ ಸಂಜೆ ಅರಮನೆ, ಬೆಟ್ಟ ಎಂದು ನೀವೂ ಅವರೊಡನೆ ಸುತ್ತಲು ಹೊರಟರೆ ಮರುದಿನದ ಗಾಳಿ ಅದಕ್ಕೆ ಲೆಕ್ಕ ಕೇಳುತ್ತದೆ. ಎಂಟೂವರೆಗೆ ಮಲಗುವಿರೆಂದು ಅವರು ಹೊರಡುವ ಮೊದಲೇ ತಿಳಿಸಿ, ಮಕ್ಕಳ ರಾತ್ರಿಯ ಜವಾಬ್ದಾರಿ ಯಾರದೆಂದು ನಿರ್ಧರಿಸಿಕೊಂಡಿರಿ. ಸವಾರಿಯ ಮುಂದಿನ ಸೋಮವಾರಕ್ಕೆ ಕಚೇರಿಯಿಂದ ಅರ್ಧ ದಿನದ ರಜೆ ಪಡೆದು, ಆ ಬೆಳಿಗ್ಗೆ ಮಕ್ಕಳ ಡಬ್ಬಿ ನೀವೇ ಕಟ್ಟಿ ಶಾಲೆಗೆ ಬಿಟ್ಟು ಬಂದು, ಉಳಿದ ಹೊತ್ತಿನಲ್ಲಿ ದಾನಿಗಳಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಒಟ್ಟು ಸಂಗ್ರಹವಾದ ಮೊತ್ತ, ಸಂಸ್ಥೆಯ ರಸೀದಿ ಹಾಗೂ ದಾರಿಯ ಒಂದು ಚಿತ್ರವನ್ನು ಕಳುಹಿಸಬೇಕು.